ಶಾಲೆಯ ಹಸಿರನ್ನು ಅಳೆಯುವ ಮಕ್ಕಳು, ಉಳಿಸಬೇಕಾದ ಪಂಚಾಯತಿ

(ಗ್ರಾಮ ಪಂಚಾಯತಿ ಸದಸ್ಯರ ಕಾರ್ಯಾಗಾರದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಪ್ರತಿ ವರ್ಷ ಜೂನ್ 5ರಂದು ವಿಶ್ವ ಪರಿಸರ ದಿನದ ಅಂಗವಾಗಿ ಗ್ರಾಮ ಪಂಚಾಯತಿ ವ್ಯಾಪ್ತಿಯ ಶಾಲೆಗಳಲ್ಲಿ ಸಸಿ ನೆಡುವ ಕಾರ್ಯಕ್ರಮ ನಡೆಯುತ್ತದೆ. ಗುಂಡಿ ತೆಗೆಯಲಾಗುತ್ತದೆ, ನರ್ಸರಿಯಿಂದ ಹೊಂಗೆ, ಬೇವು, ನೇರಳೆ ಸಸಿಗಳು ಬರುತ್ತವೆ, ಜನಪ್ರತಿನಿಧಿಗಳು ನೀರೆರೆಯುತ್ತಾರೆ, ಛಾಯಾಚಿತ್ರ ತೆಗೆಯಲಾಗುತ್ತದೆ. ನೆಟ್ಟ ಸಸಿಗಳ ಸಂಖ್ಯೆ ವಹಿಯಲ್ಲಿ ದಾಖಲಾಗುತ್ತದೆ. ಮುಂದಿನ ವರ್ಷ ಅದೇ ದಿನ, ಅನೇಕ ಕಡೆ ಅದೇ ಗುಂಡಿಯಲ್ಲಿ, ಮತ್ತೊಂದು ಸಸಿ ನೆಡಲಾಗುತ್ತದೆ. ಆ ಸಂಖ್ಯೆಯೂ ವಹಿಗೆ ಸೇರುತ್ತದೆ. ವಹಿಯಲ್ಲಿ ಸಸಿಗಳು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಾ ಹೋಗುತ್ತವೆ. ಶಾಲೆಯ ಅಂಗಳದಲ್ಲಿ ನೆರಳು ಮಾತ್ರ ಇದ್ದಷ್ಟೇ ಇರುತ್ತದೆ.

ನೆಟ್ಟದ್ದನ್ನು ಎಣಿಸುವ ವ್ಯವಸ್ಥೆ ಎಲ್ಲ ಕಡೆಯೂ ಇದೆ. ಉಳಿದದ್ದನ್ನು ಎಣಿಸುವವರು ಅಪರೂಪ. ಆದರೆ ಪ್ರತಿ ದಿನ ಬೆಳಿಗ್ಗೆ ಆ ಸಸಿಗಳ ಪಕ್ಕದಲ್ಲಿಯೇ ನಡೆದು ತರಗತಿಗೆ ಹೋಗುವವರು ಇದ್ದಾರೆ. ಯಾವ ಸಸಿ ಒಣಗಿತು, ಯಾವುದನ್ನು ಮೇಕೆ ತಿಂದಿತು, ಯಾವ ಮರದ ಕೆಳಗೆ ಮಧ್ಯಾಹ್ನದ ಊಟಕ್ಕೆ ಕೂರಲು ಜಗಳವಾಗುತ್ತದೆ ಎಂಬುದು ಅವರಿಗೆ ತಿಳಿದಿದೆ. ಈ ತಿಳಿವಳಿಕೆಯನ್ನು ಅಳತೆಯನ್ನಾಗಿಯೂ ನಕ್ಷೆಯನ್ನಾಗಿಯೂ ಮಾಡಿ ಪಂಚಾಯತಿಯ ಮುಂದಿಡುವುದು ಹೇಗೆ, ಹಾಗೆ ಇಟ್ಟಾಗ ಪಂಚಾಯತಿಯ ಕರ್ತವ್ಯವೇನು ಎಂಬುದೇ ಈ ಉಪನ್ಯಾಸದ ವಿಷಯ.

ಬೇರೆಡೆ ನಡೆದಿರುವ ಕೆಲಸ

ಮಕ್ಕಳು ತಮ್ಮ ಶಾಲೆಯ ಹಸಿರನ್ನು ಅಳೆದು ನಕ್ಷೆ ಮಾಡುವ ಕೆಲಸ ಹೊಸ ಕಲ್ಪನೆಯಲ್ಲ. ಇಂಗ್ಲೆಂಡಿನಲ್ಲಿ 2023ರ ಅಕ್ಟೋಬರಿನಲ್ಲಿ ‘ನ್ಯಾಷನಲ್ ಎಜುಕೇಷನ್ ನೇಚರ್ ಪಾರ್ಕ್’ ಎಂಬ ಯೋಜನೆ ಆರಂಭವಾಯಿತು. ಅಲ್ಲಿನ ಶಿಕ್ಷಣ ಇಲಾಖೆಯ ಪರವಾಗಿ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ಇತರ ಸಂಸ್ಥೆಗಳೊಡನೆ ಸೇರಿ ಇದನ್ನು ನಡೆಸುತ್ತಿದೆ. ಇದರ ಮೂಲ ವಿಚಾರ ಸರಳವಾದದ್ದು. ಆ ದೇಶದ ಎಲ್ಲ ಶಾಲೆಗಳ ಅಂಗಳಗಳನ್ನು ಒಟ್ಟುಗೂಡಿಸಿದರೆ ಬರ್ಮಿಂಗ್‌ಹ್ಯಾಮ್ ಎಂಬ ದೊಡ್ಡ ನಗರದ ಎರಡರಷ್ಟಕ್ಕಿಂತ ಹೆಚ್ಚಿನ ವಿಸ್ತೀರ್ಣವಾಗುತ್ತದೆ. ಬಿಡಿಬಿಡಿಯಾಗಿ ನೋಡಿದಾಗ ಸಣ್ಣದಾಗಿ ಕಾಣುವ ಈ ಜಾಗಗಳನ್ನು ಒಂದೇ ಉದ್ಯಾನವೆಂದು ಭಾವಿಸಿ, ಅದರ ನಕ್ಷೆಯನ್ನು ಮಕ್ಕಳಿಂದಲೇ ಮಾಡಿಸುವುದು ಅಲ್ಲಿನ ಕ್ರಮ.

ಮಕ್ಕಳು ಅಂಗಳದಲ್ಲಿ ನಡೆದು ಎಲ್ಲಿ ಹುಲ್ಲು, ಎಲ್ಲಿ ಪೊದೆ, ಎಲ್ಲಿ ಮರ, ಎಲ್ಲಿ ಕಟ್ಟಡ, ಎಲ್ಲಿ ಕಾಂಕ್ರೀಟು ಎಂಬುದನ್ನು ಗುರುತಿಸಿ ಡಿಜಿಟಲ್ ನಕ್ಷೆಯಲ್ಲಿ ತುಂಬುತ್ತಾರೆ. ಎಲ್ಲಿ ಬದಲಾವಣೆ ಸಾಧ್ಯ ಎಂದು ಚರ್ಚಿಸುತ್ತಾರೆ, ಗಿಡ ನೆಡುತ್ತಾರೆ, ಬಳಿಕ ಮತ್ತೆ ಅಳೆದು ಬದಲಾವಣೆಯನ್ನು ದಾಖಲಿಸುತ್ತಾರೆ. ಅಳತೆ, ತೀರ್ಮಾನ, ಕೆಲಸ, ಮರು ಅಳತೆ ಎಂಬ ಈ ನಾಲ್ಕು ಹಂತಗಳಲ್ಲಿ ಕೊನೆಯದೇ ಮುಖ್ಯವಾದದ್ದು. ಮರು ಅಳತೆ ಇಲ್ಲದ ಕಾರ್ಯಕ್ರಮದಲ್ಲಿ ಉಳಿಯುವುದು ಛಾಯಾಚಿತ್ರ ಮಾತ್ರ.

ಇದಕ್ಕಿಂತ ಹಳೆಯದಾದ ‘ಗ್ಲೋಬ್’ ಎಂಬ ಅಂತರರಾಷ್ಟ್ರೀಯ ಕಾರ್ಯಕ್ರಮ 1995ರಿಂದ ನಡೆದುಬಂದಿದೆ. ಅನೇಕ ದೇಶಗಳ ಶಾಲಾ ಮಕ್ಕಳು ಮಳೆ, ಮಣ್ಣು, ಮರಗಳ ಅಳತೆ ಮಾಡಿ ವಿಜ್ಞಾನಿಗಳ ಬಳಕೆಗೆ ಒದಗಿಸುತ್ತಾರೆ. ಭಾರತದಲ್ಲಿಯೂ ‘ಸೀಸನ್ ವಾಚ್’ ಎಂಬ ಯೋಜನೆಯಡಿ ಶಾಲಾ ಮಕ್ಕಳು ತಾವು ಆರಿಸಿಕೊಂಡ ಮರವನ್ನು ವಾರಕ್ಕೊಮ್ಮೆ ನೋಡಿ, ಚಿಗುರು, ಹೂವು, ಕಾಯಿಗಳನ್ನು ದಾಖಲಿಸುತ್ತಾರೆ. ಸಾಮಾನ್ಯ ಜನರು ಕ್ರಮಬದ್ಧವಾಗಿ ಅಳೆದು ವಿಜ್ಞಾನಕ್ಕೆ ನೆರವಾಗುವ ಇಂತಹ ಕೆಲಸವನ್ನು ನಾಗರಿಕ ವಿಜ್ಞಾನ ಎನ್ನುತ್ತಾರೆ.

ಉಪಗ್ರಹದ ಒಂದು ಚೌಕ, ಊರಿನ ಒಂದು ಗುಂಟೆ

ಇಂದು ಉಪಗ್ರಹಗಳು ಭೂಮಿಯ ಹಸಿರನ್ನು ಅಳೆಯುತ್ತಿರುವಾಗ ಮಕ್ಕಳ ಟೇಪು ಏಕೆ ಬೇಕು ಎಂಬ ಪ್ರಶ್ನೆ ಸಹಜ. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಚಿತ್ರಗಳು ಉಚಿತವಾಗಿ ದೊರೆಯುತ್ತವೆ. ಆ ಚಿತ್ರದಲ್ಲಿ ಅತ್ಯಂತ ಸಣ್ಣ ಚೌಕವೆಂದರೆ ನೆಲದ ಮೇಲೆ 10 ಮೀಟರ್ ಉದ್ದ, 10 ಮೀಟರ್ ಅಗಲ, ಅಂದರೆ 100 ಚದರ ಮೀಟರ್. ಒಂದು ಗುಂಟೆಯೆಂದರೆ 33 ಅಡಿ ಉದ್ದ, 33 ಅಡಿ ಅಗಲ, ಅಂದರೆ ಸುಮಾರು 101 ಚದರ ಮೀಟರ್. ಆಕಾಶದಿಂದ ನೋಡುವ ಕಣ್ಣಿಗೆ ಒಂದು ಗುಂಟೆ ಜಾಗ ಒಂದೇ ಚುಕ್ಕೆ. ಅಮೆರಿಕದ ಲ್ಯಾಂಡ್‌ಸ್ಯಾಟ್ ಉಪಗ್ರಹದ ಚೌಕ 30 ಮೀಟರಿನದು. ಅದರಲ್ಲಿ ಸುಮಾರು 9 ಗುಂಟೆ ಒಂದೇ ಚುಕ್ಕೆಯಾಗಿ ಕಾಣುತ್ತದೆ. ಆ ಗುಂಟೆಯೊಳಗೆ ಎರಡು ಬೇವಿನ ಮರಗಳಿವೆಯೋ, ಒಂದು ನೀರಿನ ತೊಟ್ಟಿ ಇದೆಯೋ ಎಂಬುದನ್ನು ಆ ಚುಕ್ಕೆ ಬಿಡಿಸಿ ಹೇಳಲಾರದು.

ಇನ್ನೊಂದು ತೊಡಕೂ ಇದೆ. ಮಳೆಗಾಲದಲ್ಲಿ ಅಂಗಳದ ತುಂಬ ಕಾಂಗ್ರೆಸ್ ಗಿಡ ಬೆಳೆದರೂ ಉಪಗ್ರಹಕ್ಕೆ ಅದು ಹಸಿರೇ. ಮಕ್ಕಳಿಗೆ ತುರಿಕೆ ತರುವ ಕಳೆ ಯಾವುದು, ಮಕ್ಕಳು ನೆರಳಿಗೆ ಕೂರುವ ಹೊಂಗೆ ಯಾವುದು ಎಂಬ ವ್ಯತ್ಯಾಸ ನೆಲದ ಮೇಲೆ ನಿಂತವರಿಗೆ ಮಾತ್ರ ತಿಳಿಯುತ್ತದೆ. ಆದುದರಿಂದ ಉಪಗ್ರಹದ ಚಿತ್ರವೂ ಮಕ್ಕಳ ಅಳತೆಯೂ ಒಂದಕ್ಕೊಂದು ಪೂರಕ.

ಅಳತೆಯ ವಿಧಾನ

ಈ ಕೆಲಸಕ್ಕೆ ದುಬಾರಿ ಉಪಕರಣ ಬೇಕಾಗಿಲ್ಲ. 30 ಮೀಟರಿನ ಟೇಪು, ಸುಣ್ಣದ ಪುಡಿ, ಒಂದು ಮೀಟರ್ ಉದ್ದದ ಕೋಲು, ಚೌಕಳಿ ಹಾಳೆ ಮತ್ತು ಒಂದು ದಾಖಲೆ ಪುಸ್ತಕ ಸಾಕು. ವಿಸ್ತೀರ್ಣ, ಸರಾಸರಿ, ಶೇಕಡಾವಾರು ಇವೆಲ್ಲವೂ ಹಿರಿಯ ಪ್ರಾಥಮಿಕ ತರಗತಿಗಳ ಗಣಿತದಲ್ಲಿಯೇ ಬರುವುದರಿಂದ ಈ ಅಳತೆ ಪಾಠದ ಭಾಗವೇ ಆಗುತ್ತದೆ.

ಮೊದಲನೆಯದು ಅಂಗಳದ ನಕ್ಷೆ. ಕಟ್ಟಡ, ಅಡುಗೆ ಕೋಣೆ, ಶೌಚಾಲಯ, ಆಟದ ಮೈದಾನ, ಮರಗಳು, ನೀರಿನ ನಲ್ಲಿ ಇವುಗಳ ಸ್ಥಾನವನ್ನು ಟೇಪಿನಿಂದ ಅಳೆದು ಚೌಕಳಿ ಹಾಳೆಯಲ್ಲಿ ಬರೆಯಬೇಕು. ಮೊಬೈಲಿನ ಜಿಪಿಎಸ್ ಬಯಲಿನಲ್ಲಿಯೂ ಸುಮಾರು 5 ಮೀಟರ್ ತಪ್ಪಬಹುದು. ಒಂದು ಎಕರೆಯ ಚೌಕ ಜಾಗದ ಒಂದು ಬದಿ ಸುಮಾರು 64 ಮೀಟರ್ ಮಾತ್ರ ಇರುವುದರಿಂದ 5 ಮೀಟರಿನ ತಪ್ಪು ಸಣ್ಣದಲ್ಲ. ಶಾಲೆ ಎಲ್ಲಿದೆ ಎಂದು ತೋರಿಸಲು ಮೊಬೈಲು, ಒಳಗಿನ ಅಳತೆಗೆ ಟೇಪು ಎಂಬುದು ಸರಿಯಾದ ಕ್ರಮ.

ಎರಡನೆಯದು ನೆರಳಿನ ನಡಿಗೆ. ಅಂಗಳದ ಒಂದು ತುದಿಯಿಂದ ಇನ್ನೊಂದು ತುದಿಗೆ, ಸಮಾನ ಅಂತರದ ಸಾಲುಗಳಲ್ಲಿ ಮಕ್ಕಳು ನಡೆಯುತ್ತಾರೆ. ಎರಡು ಹೆಜ್ಜೆಗೊಮ್ಮೆ ನಿಂತು ನೇರವಾಗಿ ಮೇಲೆ ನೋಡಿ, ನೆತ್ತಿಯ ಮೇಲೆ ಎಲೆ ಕಂಡರೆ ‘ಹೌದು’, ಆಕಾಶ ಕಂಡರೆ ‘ಇಲ್ಲ’ ಎಂದು ಗುರುತು ಹಾಕುತ್ತಾರೆ. ಗ್ಲೋಬ್ ಕಾರ್ಯಕ್ರಮದಲ್ಲಿ ಇದಕ್ಕೆ ಒಂದು ಸಣ್ಣ ಕೊಳವೆಯ ತುದಿಗೆ ಅಡ್ಡಡ್ಡ ಎರಡು ದಾರ ಕಟ್ಟಿ, ಕೊಳವೆ ನೆಟ್ಟಗಿದೆಯೇ ಎಂದು ತಿಳಿಯಲು ಒಂದು ನಟ್ಟು ನೇತುಹಾಕಿದ ಸಾಧನ ಬಳಸುತ್ತಾರೆ. ಪೈಪಿನ ತುಂಡೊಂದರಿಂದ ಶಾಲೆಯಲ್ಲಿಯೇ ಇದನ್ನು ಮಾಡಬಹುದು. 200 ಕಡೆ ನೋಡಿದಾಗ 46 ಕಡೆ ಎಲೆ ಕಂಡಿತು ಎಂದಿಟ್ಟುಕೊಂಡರೆ, ಆ ಅಂಗಳದ ನೆರಳು ಶೇಕಡಾ 23. ಕಟ್ಟಡ ಬಿಟ್ಟು ಉಳಿದ ಜಾಗ 24 ಗುಂಟೆಯಾಗಿದ್ದರೆ, ಸುಮಾರು ಐದೂವರೆ ಗುಂಟೆ ಜಾಗಕ್ಕೆ ಮರದ ಹೊದಿಕೆ ಇದೆ ಎಂದರ್ಥ.

ಮೂರನೆಯದು ಒಂದೊಂದು ಮರದ ಅಳತೆ. ಕಾಂಡದ ಸುತ್ತಳತೆಯನ್ನು ನೆಲದಿಂದ ನಾಲ್ಕೂವರೆ ಅಡಿ ಎತ್ತರದಲ್ಲಿ ಅಳೆಯುವುದು ವಾಡಿಕೆ. ಎತ್ತರಕ್ಕೆ ನೆರಳೇ ಸಾಕು: ಸಮತಟ್ಟಾದ ನೆಲದಲ್ಲಿ ಒಂದು ಮೀಟರ್ ಕೋಲಿನ ನೆರಳು 0.8 ಮೀಟರ್ ಇರುವ ಹೊತ್ತಿನಲ್ಲಿ ಮರದ ನೆರಳು 9.6 ಮೀಟರ್ ಇದ್ದರೆ ಮರದ ಎತ್ತರ 12 ಮೀಟರ್. ಕೊಂಬೆಗಳ ಹರವನ್ನು ತಿಳಿಯಲು ಅಂಚಿನ ಎಲೆಗಳ ಕೆಳಗೆ ನೆಲದಲ್ಲಿ ಸುಣ್ಣದ ಗುರುತು ಹಾಕಿ, ಒಮ್ಮೆ ಉದ್ದಕ್ಕೂ ಒಮ್ಮೆ ಅಡ್ಡಕ್ಕೂ ಅಳೆಯಬೇಕು. ಅವು 8 ಮತ್ತು 10 ಮೀಟರ್ ಆದರೆ ಸರಾಸರಿ 9, ಒಂಬತ್ತೊಂಬತ್ತಲ 81, ಅದನ್ನು 0.785ರಿಂದ ಗುಣಿಸಿದರೆ ಸುಮಾರು 64 ಚದರ ಮೀಟರ್. ಒಂದು ಮಗುವಿಗೆ ಒಂದು ಚದರ ಮೀಟರ್ ಎಂದು ಲೆಕ್ಕ ಹಾಕಿದರೂ ಅರವತ್ತಕ್ಕೂ ಹೆಚ್ಚು ಮಕ್ಕಳು ಊಟಕ್ಕೆ ಕೂರುವಷ್ಟು ಜಾಗವನ್ನು ಆ ಒಂದೇ ಮರ ಹೊದ್ದಿಸುತ್ತದೆ.

ನಾಲ್ಕನೆಯದು ಸಸಿಗಳ ವಹಿ. ಪ್ರತಿ ಸಸಿಗೂ ಒಂದು ಸಂಖ್ಯೆ, ನೆಟ್ಟ ದಿನಾಂಕ, ಜಾತಿ, ಸ್ಥಾನ. ಬಳಿಕ ಪ್ರತಿ ಎಣಿಕೆಯಲ್ಲಿ ‘ಜೀವಂತ’, ‘ಒಣಗಿದೆ’, ‘ಇಲ್ಲ’ ಎಂಬ ಮೂರರಲ್ಲೊಂದು ಮಾತು. ನಾಲ್ಕು ಕೆಲಸಗಳಲ್ಲಿ ಅತ್ಯಂತ ಸುಲಭವಾದದ್ದು ಇದು. ಪಂಚಾಯತಿಗೆ ಅತ್ಯಂತ ಉಪಯುಕ್ತವಾದದ್ದೂ ಇದೇ.

ಮಕ್ಕಳ ಲೆಕ್ಕವನ್ನು ನಂಬಬಹುದೇ?

ಅಳತೆಯೆಂದರೆ ತಪ್ಪಿಲ್ಲದ ಸಂಖ್ಯೆಯಲ್ಲ, ಎಷ್ಟು ತಪ್ಪಬಹುದೆಂದು ತಿಳಿದಿರುವ ಸಂಖ್ಯೆ. ಮೇಲಿನ ಉದಾಹರಣೆಯಲ್ಲಿ 200 ಕಡೆ ನೋಡಿ ಬಂದ ಶೇಕಡಾ 23 ಎಂಬುದು ವಾಸ್ತವದಲ್ಲಿ 17ರಿಂದ 29ರೊಳಗೆ ಎಲ್ಲಿಯಾದರೂ ಇರಬಹುದು. ಆದುದರಿಂದ ಮುಂದಿನ ವರ್ಷ 25 ಬಂದರೆ ನೆರಳು ಹೆಚ್ಚಿತೆಂದು ಹಿಗ್ಗುವುದೂ ಸಲ್ಲದು, 21 ಬಂದರೆ ಕಡಿಮೆಯಾಯಿತೆಂದು ಯಾರನ್ನಾದರೂ ದೂರುವುದೂ ಸಲ್ಲದು. ಎರಡು ತಂಡಗಳು ಬೇರೆ ಬೇರೆಯಾಗಿ ಅಳೆದು, ವ್ಯತ್ಯಾಸ ಹೆಚ್ಚಿದ್ದಲ್ಲಿ ಮತ್ತೊಮ್ಮೆ ಅಳೆಯುವುದು ಉತ್ತಮ. ಸಸಿಗಳ ಎಣಿಕೆಯಲ್ಲಿಯಾದರೋ ಇಂತಹ ಸಂದೇಹಕ್ಕೆ ಎಡೆಯೇ ಇಲ್ಲ. ಸಸಿ ಇದೆ, ಇಲ್ಲವೇ ಇಲ್ಲ.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ಮಕ್ಕಳ ನಕ್ಷೆ ಭೂಮಾಪನ ಇಲಾಖೆಯ ನಕ್ಷೆಯಲ್ಲ. ಶಾಲೆಯ ಜಾಗ ಒತ್ತುವರಿಯಾಗಿದೆ ಎಂಬ ಸಂದೇಹವಿದ್ದರೆ ಅದಕ್ಕೆ ಅಧಿಕೃತ ಸರ್ವೆಯೇ ಮಾರ್ಗ; ಆ ವಿವಾದದ ನಡುವೆ ಮಕ್ಕಳನ್ನಾಗಲಿ ಅವರ ಹಾಳೆಯನ್ನಾಗಲಿ ತರಬಾರದು. ಹಾಗೆಯೇ ಮಕ್ಕಳು ಮರ ಹತ್ತಬಾರದು, ಪೊದೆಯೊಳಗೆ ಕೈಹಾಕಬಾರದು, ಶಿಕ್ಷಕರಿಲ್ಲದೆ ಅಳತೆಗೆ ಇಳಿಯಬಾರದು. ನಕ್ಷೆಯನ್ನು ಹೊರಗೆ ಪ್ರಕಟಿಸುವಾಗ ಮಕ್ಕಳ ಹೆಸರು, ಭಾವಚಿತ್ರ ಅದರಲ್ಲಿ ಇರಬಾರದು.

ನೆರಳು ಏಕೆ ಬೇಕು

ಹಸಿರು ಶಾಲೆಯ ಅಲಂಕಾರಕ್ಕೆ ಮಾತ್ರ ಸಂಬಂಧಿಸಿದ್ದಲ್ಲ. ಸ್ಪೇನ್ ದೇಶದ ಬಾರ್ಸಿಲೋನಾ ನಗರದ 36 ಪ್ರಾಥಮಿಕ ಶಾಲೆಗಳ 2,593 ಮಕ್ಕಳನ್ನು ಒಂದು ವರ್ಷ ಕಾಲ ಪರೀಕ್ಷಿಸಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಶಾಲೆಯ ಒಳಗೂ ಸುತ್ತಲೂ ಹಸಿರು ಹೆಚ್ಚಿದ್ದ ಕಡೆ ಮಕ್ಕಳ ಕೆಲಸದ ನೆನಪಿನ ಶಕ್ತಿ, ಅಂದರೆ ಹೇಳಿದ್ದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ಹೆಜ್ಜೆ ಮಾಡುವ ಶಕ್ತಿ, ಹೆಚ್ಚು ವೇಗವಾಗಿ ಬೆಳೆದದ್ದು ಅದರಲ್ಲಿ ಕಂಡುಬಂದಿತು. ವಾಹನಗಳ ಹೊಗೆ ಕಡಿಮೆಯಾಗುವುದು ಇದಕ್ಕೆ ಭಾಗಶಃ ಕಾರಣವಿರಬಹುದೆಂದು ಸಂಶೋಧಕರು ತೋರಿಸಿದರು. ಅದು ದೊಡ್ಡ ನಗರದ ಅಧ್ಯಯನ. ಹೊಲಗಳ ನಡುವಿನ ಹಳ್ಳಿಯ ಶಾಲೆಗೆ ಅದರ ಅಂಕಿಗಳನ್ನು ಹಾಗೆಯೇ ಅನ್ವಯಿಸುವುದು ಸರಿಯಲ್ಲ.

ಆದರೆ ಹಳ್ಳಿಯ ಶಾಲೆಗೆ ಬೇರೆ ಅಧ್ಯಯನದ ಅಗತ್ಯವೂ ಹೆಚ್ಚಿಲ್ಲ. ಮಾರ್ಚ್ ತಿಂಗಳ ಮಧ್ಯಾಹ್ನ ತಗಡಿನ ಚಾವಣಿಯ ಕೆಳಗೆ ಅಥವಾ ಬಯಲಿನಲ್ಲಿ ತಟ್ಟೆ ಹಿಡಿದು ಕೂತ ಮಗುವನ್ನೂ, ಹೊಂಗೆಯ ನೆರಳಿನಲ್ಲಿ ಕೂತ ಮಗುವನ್ನೂ ನೋಡಿದ ಸದಸ್ಯರಿಗೆ ವ್ಯತ್ಯಾಸವನ್ನು ವಿವರಿಸಬೇಕಾಗಿಲ್ಲ.

ಏಳು ವಾರಗಳ ಪ್ರಶ್ನೆ

ಸಸಿಗಳು ಸಾಯುವುದು ಯಾವಾಗ ಎಂಬುದನ್ನು ವಹಿ ಹೇಳಬೇಕು. ಜೂನ್‌ನಲ್ಲಿ ನೆಟ್ಟ ಸಸಿಯನ್ನು ಮಳೆ ನೋಡಿಕೊಳ್ಳುತ್ತದೆ. ಮಳೆ ನಿಂತ ಮೇಲೆ ಮಕ್ಕಳು ಕೈ ತೊಳೆದ ನೀರು, ತಟ್ಟೆ ತೊಳೆದ ನೀರು ಅದಕ್ಕೆ ಸಾಕಾಗುತ್ತದೆ. ಏಪ್ರಿಲ್ ಎರಡನೆಯ ವಾರದಲ್ಲಿ ಬೇಸಿಗೆ ರಜೆ ಆರಂಭವಾಗುತ್ತದೆ. ಮಕ್ಕಳಿಲ್ಲ, ಶಿಕ್ಷಕರಿಲ್ಲ, ಅಡುಗೆಯವರಿಲ್ಲ, ಗೇಟಿಗೆ ಬೀಗ. ಮೇ ತಿಂಗಳ ಕೊನೆಯವರೆಗಿನ ಈ ಸುಮಾರು ಏಳು ವಾರಗಳು ವರ್ಷದಲ್ಲಿಯೇ ಅತ್ಯಂತ ಬಿಸಿಯಾದವು. ಸಸಿಗೆ ನೀರು ಅತ್ಯಂತ ಅಗತ್ಯವಿರುವ ಕಾಲದಲ್ಲಿಯೇ ಅದನ್ನು ನೋಡಿಕೊಳ್ಳುವ ಎಲ್ಲರೂ ದೂರವಿರುತ್ತಾರೆ.

ಈ ಏಳು ವಾರಗಳಿಗೆ ಮಕ್ಕಳನ್ನು ಹೊಣೆ ಮಾಡಲಾಗದು, ಮುಖ್ಯೋಪಾಧ್ಯಾಯರನ್ನೂ ಮಾಡಲಾಗದು. ಬೇಸಿಗೆಯಲ್ಲಿಯೂ ಊರಿನಲ್ಲಿಯೇ ಇರುವ ಸಂಸ್ಥೆಯೆಂದರೆ ಗ್ರಾಮ ಪಂಚಾಯತಿ. ನೀರಿನ ವ್ಯವಸ್ಥೆ ಅದರ ಕೈಯಲ್ಲಿದೆ, ನೀರುಗಂಟಿ ಅದರ ಸಿಬ್ಬಂದಿ.

ಬೇಸಿಗೆಯಲ್ಲಿ ಕುಡಿಯುವ ನೀರಿಗೇ ತೊಂದರೆ ಇರುವಾಗ ಸಸಿಗೆ ನೀರೆಲ್ಲಿಂದ ಎಂಬ ಆಕ್ಷೇಪ ನ್ಯಾಯವಾದದ್ದು. ಅದಕ್ಕೂ ಲೆಕ್ಕವೇ ಉತ್ತರ. ಒಂದು ಶಾಲೆಯಲ್ಲಿ 40 ಸಸಿಗಳಿವೆ ಎಂದಿಟ್ಟುಕೊಳ್ಳೋಣ. ವಾರಕ್ಕೆ ಎರಡು ಬಾರಿ, ಒಂದೊಂದಕ್ಕೆ 10 ಲೀಟರಿನಂತೆ ವಾರಕ್ಕೆ 800 ಲೀಟರ್. ಏಳು ವಾರಗಳಿಗೆ 5,600 ಲೀಟರ್. ಬುಡಕ್ಕೆ ಒಣ ಎಲೆಯ ಹೊದಿಕೆ ಹಾಕಿದರೆ ಆ ನೀರಿನ ತೇವ ಹೆಚ್ಚು ದಿನ ನಿಲ್ಲುತ್ತದೆ. ಇಡೀ ಬೇಸಿಗೆಗೆ ಬೇಕಾದದ್ದು ಹೆಚ್ಚು ಕಡಿಮೆ ಒಂದು ಟ್ಯಾಂಕರ್ ನೀರು. ಅಷ್ಟೂ ಸಾಧ್ಯವಿಲ್ಲದ ಊರಿನಲ್ಲಿ 40ರ ಬದಲು 10 ಸಸಿ ನೆಟ್ಟು ಹತ್ತನ್ನೂ ಉಳಿಸಿಕೊಳ್ಳುವುದು ಜಾಣತನ. ಎಷ್ಟು ನೆಡಬೇಕು ಎಂಬುದನ್ನು ನರ್ಸರಿಯಲ್ಲಿ ದೊರೆಯುವ ಸಸಿಗಳ ಸಂಖ್ಯೆಯಲ್ಲ, ಏಪ್ರಿಲ್ ತಿಂಗಳ ನೀರು ನಿರ್ಧರಿಸಬೇಕು.

ಪಂಚಾಯತಿಯ ಕಾರ್ಯಕ್ರಮ

ಸಂವಿಧಾನದ 11ನೆಯ ಅನುಸೂಚಿಯಲ್ಲಿ ಪಂಚಾಯತಿಗಳಿಗೆ ಸಂಬಂಧಿಸಿದ 29 ವಿಷಯಗಳಿವೆ. ಸಾಮಾಜಿಕ ಅರಣ್ಯವೂ ಪ್ರಾಥಮಿಕ ಹಾಗೂ ಪ್ರೌಢ ಶಿಕ್ಷಣವೂ ಅವುಗಳಲ್ಲಿ ಸೇರಿವೆ. ಶಾಲೆಯ ಮರ ಈ ಎರಡೂ ವಿಷಯಗಳು ಸೇರುವ ಸ್ಥಳ. ವರ್ಷಕ್ಕೆ ಮೂರು ಎಣಿಕೆಗಳ ಒಂದು ಕ್ರಮವನ್ನು ಯಾವುದೇ ಗ್ರಾಮ ಪಂಚಾಯತಿ ಹೊಸ ಅನುದಾನವಿಲ್ಲದೆ ಆರಂಭಿಸಬಹುದು.

ಆಗಸ್ಟ್ ಅಥವಾ ಸೆಪ್ಟೆಂಬರಿನಲ್ಲಿ ಪೂರ್ಣ ಅಳತೆ: ನಕ್ಷೆ, ನೆರಳಿನ ನಡಿಗೆ, ಮರಗಳ ಅಳತೆ, ಸಸಿಗಳ ಎಣಿಕೆ. ಇದರ ಫಲಿತಾಂಶವನ್ನು ಮಕ್ಕಳು ಮಕ್ಕಳ ಗ್ರಾಮ ಸಭೆಯಲ್ಲಿ ಮಂಡಿಸುತ್ತಾರೆ. ಮಾರ್ಚ್ ತಿಂಗಳಿನಲ್ಲಿ, ಪರೀಕ್ಷೆಗೆ ಮುಂಚೆ, ಸಸಿಗಳ ಎರಡನೆಯ ಎಣಿಕೆ. ಆ ಸಂಖ್ಯೆಯನ್ನು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಅಧ್ಯಕ್ಷರು ಪಂಚಾಯತಿಗೆ ಬರಹದಲ್ಲಿ ಒಪ್ಪಿಸುತ್ತಾರೆ. ಪಂಚಾಯತಿ ನೀರೆರೆಯುವವರ ಹೆಸರು, ವಾರದ ದಿನ, ಗೇಟಿನ ಬೀಗದ ಕೈ ಯಾರ ಬಳಿ ಎಂಬುದನ್ನು ನಿರ್ಣಯದಲ್ಲಿ ಬರೆಯುತ್ತದೆ. ಶಾಲೆ ಪುನಃ ತೆರೆದ ವಾರ ಮೂರನೆಯ ಎಣಿಕೆ. ಮಾರ್ಚ್‌ನಲ್ಲಿ ಎಷ್ಟು ಒಪ್ಪಿಸಲಾಯಿತು, ಜೂನ್‌ನಲ್ಲಿ ಎಷ್ಟು ಮರಳಿ ದೊರೆಯಿತು ಎಂಬ ಎರಡು ಸಂಖ್ಯೆಗಳನ್ನು ಶಾಲೆಯ ಫಲಕದ ಮೇಲೆ ಬರೆಯಬೇಕು. ಹೊಸ ಸಸಿ ನೆಡುವ ಕಾರ್ಯಕ್ರಮ ಆ ಬಳಿಕ.

ನಕ್ಷೆ ಇನ್ನೊಂದು ತೀರ್ಮಾನಕ್ಕೂ ನೆರವಾಗುತ್ತದೆ. ಹೊಸ ಕೊಠಡಿಗೆ ಜಾಗ ಗುರುತಿಸುವಾಗ ಹಳೆಯ ಮರ ಅಡ್ಡ ಬರುವುದುಂಟು. ಮರದ ನೆರಳು 64 ಚದರ ಮೀಟರ್ ಎಂಬ ಸಂಖ್ಯೆ ಮೇಜಿನ ಮೇಲಿದ್ದರೆ, ಕೊಠಡಿಯನ್ನು ಕೆಲವು ಅಡಿ ಸರಿಸಬಹುದೇ ಎಂಬ ಪ್ರಶ್ನೆ ಅಂದಾಜು ಪಟ್ಟಿ ತಯಾರಾಗುವ ಮೊದಲೇ ಏಳುತ್ತದೆ. ಕೊಡಲಿ ಬಿದ್ದ ಮೇಲೆ ಆ ಪ್ರಶ್ನೆಯಿಂದ ಪ್ರಯೋಜನವಿಲ್ಲ.

ಕಹಿಯಾದ ಸಂಖ್ಯೆ ಬಂದಾಗ

ಈ ಕೆಲಸದಲ್ಲಿ ನಿಜವಾದ ಕಷ್ಟ ಟೇಪು ಹಿಡಿಯುವುದಲ್ಲ. ಮಕ್ಕಳ ಗ್ರಾಮ ಸಭೆಯಲ್ಲಿ ಏಳನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, ವಹಿಯಲ್ಲಿರುವ ನೂರು ಸಸಿಗಳಲ್ಲಿ ಅಂಗಳದಲ್ಲಿ ಇರುವುದು ಹನ್ನೊಂದು ಎಂದು ಓದಿದಳು ಎಂದು ಭಾವಿಸಬೇಕು. ಆ ಕ್ಷಣದಲ್ಲಿ ಸಭೆಯ ಮುಂದೆ ಎರಡು ದಾರಿಗಳಿರುತ್ತವೆ. ಇದನ್ನು ಬರೆಸಿದವರಾರು ಎಂದು ಶಿಕ್ಷಕರನ್ನು ಕೇಳುವುದು ಒಂದು. ಸಭೆ ಮುಗಿದ ಮೇಲೆ ಎಲ್ಲರೂ ಶಾಲೆಗೆ ನಡೆದು ಹೋಗಿ ಒಟ್ಟಿಗೆ ಎಣಿಸಿ, ಬಂದ ಸಂಖ್ಯೆಯನ್ನು ನಡವಳಿಯಲ್ಲಿ ಬರೆಯುವುದು ಇನ್ನೊಂದು.

ಮೊದಲನೆಯ ದಾರಿ ಹಿಡಿದರೆ ಮುಂದಿನ ವರ್ಷ ನೂರಕ್ಕೆ ನೂರು ಸಸಿ ಜೀವಂತವಿದೆ ಎಂಬ ಸುಂದರವಾದ ವರದಿ ಬರುತ್ತದೆ, ಅಂಗಳ ಹಾಗೆಯೇ ಉಳಿಯುತ್ತದೆ. ಅಳೆದದ್ದನ್ನು ಅಳೆದಂತೆ ಹೇಳಬಾರದು ಎಂಬ ಪಾಠವನ್ನೂ ಆ ಮಗು ಅಂದೇ ಕಲಿಯುತ್ತದೆ. ಎರಡನೆಯ ದಾರಿಯಲ್ಲಿ ಒಂದು ದಿನದ ಮುಜುಗರವಿದೆ, ನಿಜ. ಆದರೆ ಆ ದಿನದಿಂದ ಪಂಚಾಯತಿಯ ಬಳಿ ನಂಬಬಹುದಾದ ಒಂದು ಸಂಖ್ಯೆ ಇರುತ್ತದೆ, ಹನ್ನೊಂದು. ಮುಂದಿನ ವರ್ಷ ಅದು ಇಪ್ಪತ್ತಾದರೆ ಅದನ್ನು ಸಾಧನೆ ಎಂದು ಹೇಳಿಕೊಳ್ಳಲು ಯಾರೂ ಹಿಂಜರಿಯಬೇಕಾಗಿಲ್ಲ.

ಆದುದರಿಂದ ಈ ಕಾರ್ಯಾಗಾರದಿಂದ ಹಿಂದಿರುಗಿದ ಪ್ರತಿಯೊಬ್ಬ ಸದಸ್ಯರೂ ತಮ್ಮ ವಾರ್ಡಿನ ಶಾಲೆಗೆ ಒಮ್ಮೆ ಹೋಗಿ, ಮಕ್ಕಳೊಡನೆ ನಿಂತು, ಕಳೆದ ವರ್ಷ ನೆಟ್ಟ ಸಸಿಗಳನ್ನು ಎಣಿಸಲಿ. ಎಣಿಸಲು ಹತ್ತು ನಿಮಿಷ ಸಾಕು. ಬಂದ ಸಂಖ್ಯೆ ಎಷ್ಟೇ ಸಣ್ಣದಾಗಿರಲಿ, ಕೆಲಸ ಅಲ್ಲಿಂದಲೇ ಆರಂಭವಾಗಲಿ.